ಕಡ್ಡಿಯ ತುದಿಯಲ್ಲಿ ಕಾಡಿನ ಕಂಪು

ಸಂಜೆ ದೀಪ ಹಚ್ಚಿದೊಡನೆ ದೇವರ ಮುಂದೆ ಎರಡು ಊದುಬತ್ತಿಗಳನ್ನು ಹೊತ್ತಿಸುವುದು ಕನ್ನಡನಾಡಿನ ಮನೆಗಳ ವಾಡಿಕೆ. ಆದರೆ ಆ ತೆಳುವಾದ ಹೊಗೆಯಲ್ಲಿ ಎಷ್ಟು ಮರಗಳು, ಎಷ್ಟು ಬೇರುಗಳು, ಎಷ್ಟು ಕೈಗಳ ಶ್ರಮ ಅಡಗಿವೆಯೆಂದು ಎಣಿಸಿದವರು ವಿರಳ.

‘ಅಗರಬತ್ತಿ’ ಎಂಬ ಹೆಸರು ಬಂದುದೇ ಅಗರು ಮರದಿಂದ. ಅಸ್ಸಾಮಿನ ಕಡೆ ಬೆಳೆಯುವ ಈ ಮರದ ಬಗೆಯೇ ವಿಚಿತ್ರ. ಆರೋಗ್ಯವಾಗಿರುವಾಗ ಅದರ ಮೈ ಬಿಳಿಚು, ಪರಿಮಳವೇ ಇಲ್ಲ. ಗಾಯಗೊಂಡು ಶಿಲೀಂಧ್ರ ತಗುಲಿದಾಗ, ತನ್ನ ರಕ್ಷಣೆಗಾಗಿ ಅದು ಕಪ್ಪು ರಾಳವನ್ನು ತುಂಬಿಕೊಳ್ಳುತ್ತದೆ. ಆ ರಾಳವೇ ಪರಿಮಳದ ಭಂಡಾರ! ಮಿತಿಮೀರಿ ಕಡಿದುದರ ಫಲವಾಗಿ 1995ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ. ಇಂದಿನ ಸಾಮಾನ್ಯ ಬತ್ತಿಗಳಲ್ಲಿ ಉಳಿದಿರುವುದು ಅಗರುವಿನ ಹೆಸರು ಮಾತ್ರ.

ಊದುಬತ್ತಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಇದ್ದಿಲ ಹಿಟ್ಟಿನ ಬತ್ತಿಯನ್ನು ಸುಗಂಧದ್ರವದಲ್ಲಿ ಅದ್ದಿ ತೆಗೆಯುವುದೊಂದು. ಗಂಧದ ಪುಡಿ, ಲಾವಂಚ, ಕಚೋರಗಳಂಥ ಸಾಮಗ್ರಿಗಳನ್ನು ಕಲಸಿ ಹೊಸೆಯುವ ಮಸಾಲೆ ಬತ್ತಿ ಇನ್ನೊಂದು. ಮಸಾಲೆ ಬತ್ತಿಗಳಲ್ಲಿ ಹಾಲ್ಮಡ್ಡಿಯದು ವಿಶಿಷ್ಟ ಸ್ಥಾನ. ಪಶ್ಚಿಮಘಟ್ಟದ ಮರವೊಂದರ ಅಂಟು ಇದು. ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಬತ್ತಿ ಬೆರಳಿಗೆ ಮೆತ್ತಗೆ ತಾಗುತ್ತದೆ, ನಿಧಾನವಾಗಿ ಉರಿಯುತ್ತದೆ.

1916ರಲ್ಲಿ ಮೈಸೂರು ಸಂಸ್ಥಾನವು ಶ್ರೀಗಂಧದ ಎಣ್ಣೆಯ ತಯಾರಿಕೆಯನ್ನು ಆರಂಭಿಸಿತು. ಗಂಧದ ನಾಡೆಂಬ ಕೀರ್ತಿಯ ನೆರಳಿನಲ್ಲಿಯೇ ಊದುಬತ್ತಿಯ ಕಸುಬೂ ಬೆಳೆಯಿತು. 2005ರಲ್ಲಿ ‘ಮೈಸೂರು ಅಗರಬತ್ತಿ’ಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಮನೆಯಂಗಳದಲ್ಲಿ ಕುಳಿತು ಬತ್ತಿ ಹೊಸೆದು ಸಂಸಾರ ಸಾಗಿಸಿದ ಹೆಂಗಸರ ಪಾಲೂ ಈ ಕೀರ್ತಿಯಲ್ಲಿದೆ.

ಪರಿಮಳದ ಹೊಗಳಿಕೆಯಲ್ಲಿ ಮರೆತುಹೋಗುವ ಮರವೊಂದಿದೆ: ಗುಳಮಾವು. ಇದರ ತೊಗಟೆಯ ಪುಡಿಯೇ ಕಡ್ಡಿಗೆ ಮಸಾಲೆಯನ್ನು ಅಂಟಿಸುವ ಜಿಗಟು. ಮರದ ಸುತ್ತಲೂ ತೊಗಟೆ ಸುಲಿದರೆ ಮರ ನಿಂತಲ್ಲೇ ಒಣಗುತ್ತದೆ. ಘಟ್ಟದ ಕಾಡುಗಳಲ್ಲಿ ಹೀಗೆ ಸತ್ತ ಗುಳಮಾವುಗಳು ಅನೇಕ. ಒಂದು ಪಕ್ಕದಲ್ಲಷ್ಟೇ ಸ್ವಲ್ಪ ತೊಗಟೆ ತೆಗೆದು, ಗಾಯ ಮಾಯುವವರೆಗೆ ಕಾದರೆ ಮರವೂ ಉಳಿದೀತು, ಕಸುಬೂ ಉಳಿದೀತು.

ಕಂಪನ್ನು ಸವಿಯಲು ಕಟ್ಟುಗಟ್ಟಲೆ ಸುಡಬೇಕಾಗಿಲ್ಲ. ಒಂದೇ ಬತ್ತಿಯನ್ನು ದೂರದಲ್ಲಿ ಹೊತ್ತಿಸಿ, ಕಿಟಕಿಯನ್ನು ತೆರೆದಿಡಬೇಕು. ಎಂಥ ಸುಗಂಧದ ಹೊಗೆಯಾದರೂ ಶ್ವಾಸಕ್ಕೆ ಹೊಗೆಯೇ. ಗೂರಲುಳ್ಳವರೂ ಹಸುಗೂಸುಗಳೂ ಇರುವ ಮನೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು. ಮಿತವಾಗಿ ಉರಿಸಿದರೆ ಮನೆಗೂ ಹಿತ, ಮರಕ್ಕೂ ಹಿತ.