ಗಾಳಿಗೆ ಬಿದ್ದ ಬಾಳೆ ಯಾವ ಪಟ್ಟಿಗೆ ಸೇರುತ್ತೆ?

2024ರ ಜೂನ್ 2 ನೆನಪಿದೆಯಾ? ಬೆಂಗಳೂರಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ. 1891ರ ಜೂನ್ ದಾಖಲೆಯೇ ಮುರಿದುಹೋಯ್ತು. ಮೆಟ್ರೊ ಹಳಿ ಮೇಲೆ ಮರ ಬಿತ್ತು. ಊರೆಲ್ಲ ಅದೇ ಸುದ್ದಿ. ಅದಕ್ಕೂ ಮೊದಲು, ಮೇ ತಿಂಗಳಲ್ಲಿ, ಮೈಸೂರು, ಚಾಮರಾಜನಗರ ಕಡೆ ಬಿರುಗಾಳಿಗೆ ಬಾಳೆ ತೋಟಗಳು ನೆಲಕಚ್ಚಿದ್ದವು. ಅದು ಎಷ್ಟು ಜನಕ್ಕೆ ನೆನಪಿದೆ?

ಈ ಗಾಳಿ ಎಲ್ಲಿಂದ ಬರುತ್ತೆ ಅಂತ ಮೊದಲು ನೋಡೋಣ. ಏಪ್ರಿಲ್–ಮೇನಲ್ಲಿ ನೆಲ ಕಾಯುತ್ತೆ, ಬಿಸಿಗಾಳಿ ಮೇಲೇರಿ ಸಂಜೆ ಹೊತ್ತಿಗೆ ಬೆಟ್ಟದಂಥ ಮೋಡ ಕಟ್ಟುತ್ತೆ. ಅದರಿಂದ ಬೀಳುವ ಮಳೆಹನಿ ದಾರಿಯಲ್ಲೇ ಒಂದಿಷ್ಟು ಆವಿಯಾಗಿ ಸುತ್ತಲಿನ ಗಾಳಿಯನ್ನು ತಂಪು ಮಾಡುತ್ತೆ. ತಂಪಾದ ಗಾಳಿ ಭಾರ. ಅದು ದಬದಬ ಕೆಳಗಿಳಿದು, ನೆಲಕ್ಕೆ ಬಡಿದು, ಸುತ್ತಲೂ ನುಗ್ಗುತ್ತೆ. ಕೆಲವೇ ನಿಮಿಷದ ಆಟ, ಕೆಲವೇ ಕಿಲೋಮೀಟರ್ ಜಾಗ. ಅದಕ್ಕೇ ಒಬ್ಬನ ತೋಟ ಪೂರ್ತಿ ಮಲಗಿದರೆ ಪಕ್ಕದ ಊರಲ್ಲಿ ಎಲೆಯೂ ಅಲ್ಲಾಡಿರೋದಿಲ್ಲ.

ಬಾಳೆಗೇ ಯಾಕೆ ಏಟು? ಬಾಳೆ ದಿಂಡು ಮರವಲ್ಲ; ಎಲೆಯ ಬುಡಗಳೇ ಸುತ್ತಿಕೊಂಡು ಆಗಿರೋದು. ಬೇರು ಮೇಲೆ ಮೇಲೆ. ತುದಿಯಲ್ಲಿ ಹತ್ತಾರು ಕೆಜಿ ಗೊನೆ. ಗೊನೆ ಬಲಿತಷ್ಟೂ ಗಿಡ ವಾಲುತ್ತೆ. ಅಂದರೆ ವರ್ಷವಿಡೀ ಖರ್ಚು ಮಾಡಿ, ಇನ್ನೇನು ಕಾಸು ಕೈಗೆ ಬರಬೇಕು ಅನ್ನೋ ಹೊತ್ತಿಗೇ ಅಪಾಯ ಹೆಚ್ಚು.

ಈಗ ಪರಿಹಾರಕ್ಕೆ ಬನ್ನಿ. ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಮಾಡಿರುವ ಪಟ್ಟಿಯಲ್ಲಿ ಚಂಡಮಾರುತ ಇದೆ, ಬರ ಇದೆ, ಆಲಿಕಲ್ಲು ಇದೆ. ಗುಡುಗು ಮಳೆಯ ಗಾಳಿಯ ಹೆಸರಿಲ್ಲ. ಸ್ಥಳೀಯ ವಿಕೋಪ ಅಂತ ರಾಜ್ಯವೇ ಘೋಷಿಸಿದರೆ ನಿಧಿಯ ಶೇ 10ರೊಳಗೆ ಕೊಡಬಹುದು, ಅಷ್ಟೇ. ಕೊಟ್ಟರೂ ಎಷ್ಟು? 2022ರಲ್ಲಿ ನಿಗದಿಯಾದ ಕೇಂದ್ರದ ದರದಲ್ಲಿ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ಬಹುವಾರ್ಷಿಕ ಬೆಳೆಗೆ 22,500. ನಷ್ಟ ಶೇ 33 ದಾಟಿರಬೇಕು, ಎರಡು ಹೆಕ್ಟೇರಿಗೆ ಮಾತ್ರ. ಹೆಕ್ಟೇರಿಗೆ ಮೂರು ಸಾವಿರ ಗಿಡ ಅಂತಿಟ್ಟುಕೊಳ್ಳಿ. ಹೆಚ್ಚಿನ ದರವನ್ನೇ ಹಿಡಿದರೂ ಗಿಡಕ್ಕೆ ಏಳೂವರೆ ರೂಪಾಯಿ! ಜಯನಗರ 4ನೇ ಬ್ಲಾಕ್‌ನಲ್ಲಿ ಆ ದುಡ್ಡಿಗೆ ಏಲಕ್ಕಿ ಬಾಳೆಹಣ್ಣು ಒಂದೆರಡು ಸಿಕ್ಕರೆ ಹೆಚ್ಚು.

ವಿಮೆ ಇದೆಯಲ್ಲ ಅಂತೀರಾ? ಫಸಲ್ ಬಿಮಾದಲ್ಲಿ ರೈತನ ಹೊಲಕ್ಕೇ ಬಂದು ನೋಡುವ ವಿಕೋಪಗಳು ಕೆಲವೇ: ಆಲಿಕಲ್ಲು, ಭೂಕುಸಿತ, ಮುಳುಗಡೆ, ಮೇಘಸ್ಫೋಟ, ಸಿಡಿಲಿನ ಬೆಂಕಿ. ಬರೀ ಗಾಳಿ ಅಲ್ಲಿಲ್ಲ. ಗಾಳಿಯ ನಷ್ಟವನ್ನು ಇಡೀ ಪ್ರದೇಶದ ಸರಾಸರಿ ಇಳುವರಿಯಲ್ಲಿ ನೋಡ್ತಾರೆ. ಸರಾಸರಿಯೊಳಗೆ ಒಬ್ಬನ ತೋಟ ಕಳೆದೇಹೋಗುತ್ತೆ. ಇನ್ನು ತೋಟಗಾರಿಕೆಯ ಹವಾಮಾನ ಆಧಾರಿತ ವಿಮೆ. ಅಲ್ಲಿ ಲೆಕ್ಕ ಮಾಪನ ಕೇಂದ್ರದ್ದು. ಗಾಳಿ ಬೀಸಿದ್ದು ತೋಟದಲ್ಲಿ, ಯಂತ್ರ ಇರೋದು ಇನ್ನೆಲ್ಲೋ!

ಸರ್ವೆ ಕಂಬದ ಆಸರೆ, ತೋಟದ ಅಂಚಿಗೆ ಗಾಳಿ ತಡೆಯುವ ಮರಗಳ ಸಾಲು, ಇವೆಲ್ಲ ರೈತ ಮಾಡಬಹುದಾದ್ದು. ಸ್ವಲ್ಪ ಮಟ್ಟಿಗೆ ಉಳಿಸುತ್ತವೆ. ಆದರೆ ಸರ್ಕಾರ ಮಾಡಬೇಕಾದ್ದು ಒಂದಿದೆ. ಆಲಿಕಲ್ಲಿಗೆ ಹೊಲಕ್ಕೆ ಬರುವ ಅಧಿಕಾರಿ ಗಾಳಿಗೂ ಬರಲಿ. ಪಟ್ಟಿಯಲ್ಲಿ ಒಂದು ಪದ ಸೇರಿಸಿದರೆ ಸಾಕು. ತುಂಡು ಜಾಗದಲ್ಲಿ ಬೀಸುವ ಗಾಳಿಯನ್ನು ಹೋಬಳಿ, ಪಂಚಾಯಿತಿ ಲೆಕ್ಕದಲ್ಲಿ ಅಳೆದರೆ, ಬಿದ್ದ ಗಿಡ ಕಣ್ಣೆದುರಿಗಿದ್ದರೂ ಕಾಗದದಲ್ಲಿ ನಷ್ಟವೇ ಆಗಿರೋದಿಲ್ಲ.