ದಿನಗಟ್ಟಲೆಯ ತೆಪ್ಪಯಾನ: ನದಿಯ ಆಯ್ಕೆ ಹೇಗೆ?

ನದಿಮೂಲ, ಋಷಿಮೂಲಗಳನ್ನು ಕೇಳಬಾರದೆಂಬುದು ಹಿರಿಯರ ಮಾತು. ಋಷಿಯ ವಿಷಯದಲ್ಲಿ ಈ ಮಾತು ಎಷ್ಟೇ ಉಚಿತವಾಗಿದ್ದರೂ, ತೆಪ್ಪವೇರಿ ಮೂರು ನಾಲ್ಕು ದಿನಗಳನ್ನು ನದಿಯ ಮೇಲೆಯೇ ಕಳೆಯಬಯಸುವವರಿಗೆ ಅದು ಒಪ್ಪುವುದಿಲ್ಲ. ನದಿಯ ಮೂಲ ಹಿಮವೋ ಮಳೆಯೋ, ದಾರಿಯಲ್ಲಿ ಅಣೆಕಟ್ಟು ಇದೆಯೋ ಇಲ್ಲವೋ, ರಾತ್ರಿ ತಂಗಲು ದಡವಿದೆಯೇ, ಆಪತ್ತು ಒದಗಿದಾಗ ಹೊರಬರಲು ದಾರಿಯಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ನದಿಯನ್ನು ಆರಿಸುವುದು ವಿವೇಕ.

ಹರಿಗೋಲಿನಲ್ಲಿ ಕುಳಿತು ಹಂಪಿಯ ಬಳಿ ತುಂಗಭದ್ರೆಯನ್ನು ದಾಟಿದ ಅನುಭವ ಅನೇಕ ಕನ್ನಡಿಗರಿಗಿದೆ. ಅದು ಈ ದಡದಿಂದ ಆ ದಡಕ್ಕೆ ಹೋಗುವ ಪ್ರಯಾಣ. ಇಲ್ಲಿ ವಿವರಿಸುತ್ತಿರುವುದು ಗಾಳಿ ತುಂಬಿದ ರಬ್ಬರ್ ತೆಪ್ಪದಲ್ಲಿ, ಆಹಾರ, ಡೇರೆ, ಹಾಸಿಗೆಗಳೊಡನೆ ಹರಿವಿನ ಜೊತೆಯಲ್ಲೇ ಸಾಗುವ ಪ್ರಯಾಣ. ಇಂತಹ ಯಾನದಲ್ಲಿ ದಿನವೊಂದಕ್ಕೆ ಸಾಮಾನ್ಯವಾಗಿ 20ರಿಂದ 30 ಕಿಲೋಮೀಟರ್ ದೂರ ಕ್ರಮಿಸಬಹುದು. ಒಮ್ಮೆ ಹೊರಟ ಮೇಲೆ ಹಿಂದಿರುಗುವಂತಿಲ್ಲ. ಸರ್ ಎಡ್ಮಂಡ್ ಹಿಲರಿಯವರು 1977ರಲ್ಲಿ ಬಲಿಷ್ಠ ಯಂತ್ರದೋಣಿಗಳಲ್ಲಿ ಗಂಗಾಸಾಗರದಿಂದ ಪ್ರವಾಹಕ್ಕೆ ಎದುರಾಗಿ ಹೊರಟಾಗಲೂ ನಂದಪ್ರಯಾಗದ ಸಮೀಪ ಜಲಪಾತವೊಂದು ಅವರನ್ನು ತಡೆಯಿತು. ಯಂತ್ರವಿಲ್ಲದ ತೆಪ್ಪವಂತೂ ನದಿ ಒಯ್ದ ಕಡೆಗೇ ಹೋಗಬೇಕಾದುದು.

ನೀರಿನ ಮೂಲ ಮತ್ತು ಋತು

ಒಂದು ನದಿಗೆ ಒಳ್ಳೆಯದಾದ ಕಾಲ ಇನ್ನೊಂದಕ್ಕೆ ಅಪಾಯದ ಕಾಲವಾಗಬಹುದು. ಗಂಗೆಯಲ್ಲಿ ಮಳೆಗಾಲದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಋಷಿಕೇಶದ ತೆಪ್ಪಯಾನಗಳನ್ನು ನಿಲ್ಲಿಸಲಾಗುತ್ತದೆ. ಅದೇ ಜುಲೈ, ಆಗಸ್ಟ್ ತಿಂಗಳುಗಳು ಲಡಾಖಿನ ಝಂಸ್ಕಾರ್ ನದಿಗೆ ಸೂಕ್ತ ಕಾಲ. ಹಿಮ ಕರಗಿ ನದಿ ತುಂಬಿ ಹರಿಯುವುದು ಆಗಲೇ. ಚಳಿಗಾಲದಲ್ಲಿ ಆ ನದಿ ಹೆಪ್ಪುಗಟ್ಟುತ್ತದೆ. ಜನರು ಅದರ ಮೇಲೆಯೇ ನಡೆದು ಹೋಗುತ್ತಾರೆ. ಅರುಣಾಚಲ ಪ್ರದೇಶದ ಸಿಯಾಂಗ್ ನದಿಯಲ್ಲಿ ನೀರಿನ ಪ್ರಮಾಣ ಅಪಾರವಾಗಿರುವುದರಿಂದ ಅಲ್ಲಿ ಹರಿವು ಇಳಿಯುವ ಚಳಿಗಾಲವನ್ನೇ ಆರಿಸಿಕೊಳ್ಳುತ್ತಾರೆ.

ಹಿಮಮೂಲದ ನದಿಗಳಲ್ಲಿ ದಿನಕ್ಕೊಮ್ಮೆ ಏರಿಳಿತ ಉಂಟಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮೇಲಿನ ಕಣಿವೆಗಳಲ್ಲಿ ಕರಗಿದ ನೀರು ಕೆಳಗಿನ ಭಾಗವನ್ನು ತಲುಪುವ ಹೊತ್ತಿಗೆ ಸಂಜೆಯೋ ರಾತ್ರಿಯೋ ಆಗಿರುತ್ತದೆ. ಹಗಲು ಒಣಗಿದ್ದ ಮರಳಿನ ಮೇಲೆ ಡೇರೆ ಹಾಕಿದವರು ಮಧ್ಯರಾತ್ರಿ ನೀರಿನಲ್ಲಿ ಎಚ್ಚರಗೊಳ್ಳುವುದು ಈ ಕಾರಣದಿಂದ. ಡೇರೆಯನ್ನು ಕಲ್ಲುಗಳ ಮೇಲೆ ಕಾಣುವ ಹಿಂದಿನ ನೀರಿನ ಗುರುತಿಗಿಂತಲೂ ಸಾಕಷ್ಟು ಎತ್ತರದಲ್ಲಿ ಹಾಕತಕ್ಕದ್ದು. ತೆಪ್ಪವನ್ನೂ ಮೇಲಕ್ಕೆಳೆದು ಕಟ್ಟತಕ್ಕದ್ದು.

ರಭಸದ ದರ್ಜೆಗಳು

ನದಿ ಕಿರಿದಾದ ಕಣಿವೆಯಲ್ಲಿ, ಬಂಡೆಗಳ ನಡುವೆ ಕಡಿದಾಗಿ ಇಳಿಯುವಾಗ ನೊರೆ, ಅಲೆ ಮತ್ತು ಸುಳಿಗಳು ಉಂಟಾಗುತ್ತವೆ. ಇಂತಹ ಸ್ಥಳಗಳಿಗೆ ನಾವಿಕರು ರ್‍ಯಾಪಿಡ್ ಎನ್ನುತ್ತಾರೆ. ಇವುಗಳನ್ನು ಅಂತರರಾಷ್ಟ್ರೀಯ ಪದ್ಧತಿಯಂತೆ 1ರಿಂದ 6ರವರೆಗೆ ವಿಂಗಡಿಸಲಾಗಿದೆ. 1ನೆಯ ದರ್ಜೆಯೆಂದರೆ ಸಣ್ಣ ಅಲೆಗಳ ಸುಲಭ ನೀರು. 3ನೆಯ ದರ್ಜೆಯಲ್ಲಿ ಅಲೆಗಳು ಅಕ್ರಮವಾಗಿದ್ದು ತೆಪ್ಪವನ್ನು ನಿಪುಣತೆಯಿಂದ ತಿರುಗಿಸಬೇಕಾಗುತ್ತದೆ. 4ನೆಯದರಲ್ಲಿ ಪ್ರಬಲ ಅಲೆಗಳಿದ್ದು, ಮುಂಚಿತವಾಗಿ ದಡದಿಂದ ಪರಿಶೀಲಿಸುವ ಅಗತ್ಯ ಬೀಳಬಹುದು. 6ನೆಯದು ವಾಣಿಜ್ಯ ಪ್ರವಾಸಕ್ಕೆ ಹೇಳಿದ್ದಲ್ಲ.

ಈ ದರ್ಜೆಗಳು ಶಾಶ್ವತವಲ್ಲ. ನೀರು ಏರಿದರೆ ಕೆಲವು ಸ್ಥಳಗಳು ಮುಳುಗಿ ಸರಾಗವಾಗುತ್ತವೆ. ಕೆಲವು ಇನ್ನಷ್ಟು ಉಗ್ರವಾಗುತ್ತವೆ. ಹರಿವಿನ ವೇಗ ಎರಡು ಪಟ್ಟಾದರೆ ಅದು ವಸ್ತುವಿನ ಮೇಲೆ ಒಡ್ಡುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮೊಣಕಾಲುದ್ದದ ನೀರೂ ಆಳುಗಳನ್ನು ಕೆಡಹುವುದು ಇದರಿಂದಲೇ. ನೀರಿಗೆ ಬಿದ್ದವರು ಎದ್ದುನಿಲ್ಲಲು ಯತ್ನಿಸಬಾರದು. ಕಾಲು ಬಂಡೆಗಳ ನಡುವೆ ಸಿಲುಕಿದರೆ ಪ್ರವಾಹ ದೇಹವನ್ನು ಮುಳುಗಿಸುತ್ತದೆ. ಬೆನ್ನಮೇಲೆ ತೇಲುತ್ತಾ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿಕೊಂಡು ದಡದತ್ತ ಸರಿಯಬೇಕು.

ಅಷ್ಟೇ ಅಲ್ಲದೆ, ನೀರು ಅತಿ ತಣ್ಣಗಿದ್ದಾಗ ಅಥವಾ ಆಸ್ಪತ್ರೆ ದಿನಗಟ್ಟಲೆಯ ದೂರದಲ್ಲಿದ್ದಾಗ 3ನೆಯ ದರ್ಜೆಯನ್ನು 4ನೆಯದೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ. ಹಿಮದ ನೀರಿನಲ್ಲಿ ಕೆಲವೇ ನಿಮಿಷಗಳಲ್ಲಿ ಕೈಗಳು ಮರಗಟ್ಟಿ, ಎಸೆದ ಹಗ್ಗವನ್ನು ಹಿಡಿಯುವ ಶಕ್ತಿಯೂ ಉಳಿಯದು.

ಅಣೆಕಟ್ಟುಗಳು

ಇಂದು ದೇಶದ ಬಹುಪಾಲು ನದಿಗಳ ಹರಿವು ಅಣೆಕಟ್ಟುಗಳಿಗೆ ಅಧೀನವಾಗಿದೆ. ಇದರಿಂದ ಅನುಕೂಲವೂ ಉಂಟು, ಅಪಾಯವೂ ಉಂಟು. ಉತ್ತರ ಕನ್ನಡದ ಗಣೇಶಗುಡಿಯ ಬಳಿ ಕಾಳಿ ನದಿಯಲ್ಲಿ ತೆಪ್ಪಯಾನ ಸಾಧ್ಯವಾಗುವುದು ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ. ಮುಂಬಯಿ, ಪುಣೆಗಳಿಗೆ ಹತ್ತಿರವಿರುವ ಕೋಲಾಡದ ಕುಂಡಲಿಕಾ ನದಿಯೂ ಬೆಳಗಿನ ಹೊತ್ತು ಜಲವಿದ್ಯುತ್ ಯೋಜನೆಯಿಂದ ಬರುವ ನೀರನ್ನೇ ಅವಲಂಬಿಸಿದೆ. ಈ ಎರಡೂ ನದಿಗಳು ಕೆಲವು ಗಂಟೆಗಳ ಯಾನಕ್ಕೆ ತಕ್ಕವು. ಕಾಳಿಯಲ್ಲಿ ಕೆಳಗೆ ಸಾಗಿದರೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಜಲಾಶಯಗಳು ಒಂದರ ಹಿಂದೆ ಒಂದರಂತೆ ಅಡ್ಡ ಬರುವುದರಿಂದ ದಿನಗಟ್ಟಲೆಯ ಯಾನಕ್ಕೆ ಅಲ್ಲಿ ಅವಕಾಶವಿಲ್ಲ.

ಅಪಾಯದ ಸ್ವರೂಪವನ್ನು ದೇಶ 2014ರ ಜೂನ್ 8ರಂದು ಕಂಡಿತು. ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯ ಥಲೌಟ್ ಬಳಿ, ಬಿಯಾಸ್ ನದಿಯ ಪಾತ್ರದಲ್ಲಿ ಬಂಡೆಗಳ ಮೇಲೆ ನಿಂತು ಛಾಯಾಚಿತ್ರ ತೆಗೆಯುತ್ತಿದ್ದ ಹೈದರಾಬಾದಿನ 24 ಮಂದಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮೇಲ್ಭಾಗದ ಲಾರ್ಜಿ ಅಣೆಕಟ್ಟಿನಿಂದ ಬಂದ ನೀರಿನಲ್ಲಿ ಕೊಚ್ಚಿಹೋದರು. ಅವರು ತೆಪ್ಪವೇರಿದವರಲ್ಲ, ಈಜಲು ಇಳಿದವರೂ ಅಲ್ಲ. ನದಿ ಶಾಂತವಾಗಿ ಕಂಡದ್ದೇ ಅವರನ್ನು ಮೋಸಗೊಳಿಸಿತು. ಅಣೆಕಟ್ಟಿನ ಕೆಳಗಿನ ನದಿಯಲ್ಲಿ ಕಣ್ಣಿಗೆ ಕಾಣುವ ನೀರು ಆ ಗಳಿಗೆಯ ನೀರು ಮಾತ್ರ ಎಂಬುದನ್ನು ಪ್ರತಿಯೊಬ್ಬ ಪ್ರವಾಸಿಯೂ ನೆನಪಿನಲ್ಲಿಡಬೇಕು. ನೀರು ಬಿಡುವ ವೇಳೆಯನ್ನು ಯೋಜನೆಯ ಕಚೇರಿಯಿಂದಾಗಲಿ ಜಿಲ್ಲಾಡಳಿತದಿಂದಾಗಲಿ ಮುಂಚಿತವಾಗಿ ತಿಳಿಯದೆ ಇಂತಹ ನದಿಯಲ್ಲಿ ರಾತ್ರಿ ತಂಗುವುದು ಸಲ್ಲದು.

ಬದಲಾದ ನದಿಗಳು

ಹಳೆಯ ಪ್ರವಾಸ ಗ್ರಂಥಗಳನ್ನು ನಂಬಿ ಹೊರಡುವವರಿಗೆ ಇನ್ನೊಂದು ತೊಡಕಿದೆ. ಹಿಂದೆ ಅಲಕನಂದಾ ನದಿಯಲ್ಲಿ ರುದ್ರಪ್ರಯಾಗದಿಂದ ಋಷಿಕೇಶದವರೆಗೆ ಹಲವು ದಿನಗಳ ಯಾನ ಸಾಧ್ಯವಿತ್ತು. 330 ಮೆಗಾವಾಟ್ ಸಾಮರ್ಥ್ಯದ ಶ್ರೀನಗರ ಜಲವಿದ್ಯುತ್ ಯೋಜನೆ 2015ರಲ್ಲಿ ಕಾರ್ಯಾರಂಭ ಮಾಡಿದ ಮೇಲೆ ಆ ದಾರಿ ನಡುವೆ ತುಂಡಾಗಿದೆ. ಭಾಗೀರಥಿಯ ಮೇಲೆ ಟೆಹ್ರಿ ಯೋಜನೆ 2006ರಿಂದ ವಿದ್ಯುತ್ ಉತ್ಪಾದಿಸುತ್ತಿರುವುದರಿಂದ ದೇವಪ್ರಯಾಗದ ಕೆಳಗಿನ ಗಂಗೆಯ ಮಟ್ಟವೂ ಅದರ ಬಿಡುಗಡೆಗೆ ಅನುಗುಣವಾಗಿ ವ್ಯತ್ಯಾಸಗೊಳ್ಳುತ್ತದೆ.

ಪ್ರಕೃತಿಯೂ ನದಿಯನ್ನು ಬದಲಿಸುತ್ತದೆ. 2023ರ ಅಕ್ಟೋಬರ್ 4ರಂದು ಸಿಕ್ಕಿಂನ ದಕ್ಷಿಣ ಲ್ಹೋನಕ್ ಹಿಮಸರೋವರ ಒಡೆದು, ಚುಂಗ್‌ಥಾಂಗ್‌ನ ಅಣೆಕಟ್ಟು ಕೊಚ್ಚಿಹೋಯಿತು. ತೀಸ್ತಾ ನದಿಯ ಪಾತ್ರದಲ್ಲಿ ಕಲ್ಲು, ಹೂಳು ತುಂಬಿ ಅನೇಕ ಕಡೆ ತಳವೇ ಏರಿತು. ಅದಕ್ಕಿಂತ ಹಿಂದಿನ ನಕ್ಷೆಯಲ್ಲಿ ಗುರುತಿಸಿದ ದಡ, ಸುಳಿ, ಬಂಡೆಗಳನ್ನು ಇಂದು ಅದೇ ಸ್ಥಳದಲ್ಲಿ ನಿರೀಕ್ಷಿಸಲಾಗದು. ಝಂಸ್ಕಾರಿನಲ್ಲಿ 2014ರ ಡಿಸೆಂಬರ್ 31ರಂದು ಭೂಕುಸಿತದಿಂದ ಅದರ ಉಪನದಿಯಾದ ತ್ಸರಪ್ ನಿಂತು ಸರೋವರವಾಯಿತು. ಅದು 2015ರ ಮೇ 7ರಂದು ಒಡೆದು ಸೇತುವೆಗಳನ್ನು ಸೆಳೆದೊಯ್ದಿತು. 2000ದ ಜೂನ್ ತಿಂಗಳಲ್ಲಿ ಟಿಬೆಟಿನ ಯಿಗೊಂಗ್ ನದಿಗೆ ಅಡ್ಡಬಿದ್ದಿದ್ದ ಕುಸಿತ ಒಡೆದಾಗ ದೂರದ ಅರುಣಾಚಲದ ಸಿಯಾಂಗ್ ಕಣಿವೆ ಹಾನಿಗೊಳಗಾಯಿತು. ಆದುದರಿಂದ ಪ್ರಯಾಣಕ್ಕೆ ಮುನ್ನ ಕಳೆದ ಋತುವಿನಲ್ಲಿ ಅದೇ ನದಿಯನ್ನು ಇಳಿದ ಅನುಭವಿಗಳಿಂದ ವಿವರ ಪಡೆಯುವುದು ಅವಶ್ಯ.

ಕೆಲವು ನದಿಗಳ ಹೋಲಿಕೆ

ಗಂಗೆ: ದೇವಪ್ರಯಾಗದಿಂದ ಋಷಿಕೇಶಕ್ಕೆ ರಸ್ತೆಯಲ್ಲಿ ಸುಮಾರು 70 ಕಿಲೋಮೀಟರ್. ಬದರೀನಾಥಕ್ಕೆ ಹೋಗುವ ಹೆದ್ದಾರಿ ಬಹುತೇಕ ನದಿಯ ಪಕ್ಕದಲ್ಲೇ ಸಾಗುವುದರಿಂದ ಆಪತ್ತಿನಲ್ಲಿ ಹೊರಬರುವುದು ಸುಲಭ. ದೆಹಲಿಯಲ್ಲಿ ನೆಲೆಸಿದವರಿಗೆ ಇದೇ ಸಮೀಪದ ಆಯ್ಕೆ. ಮೊದಲ ಬಾರಿಗೆ ಎರಡು ದಿನ ನದಿಯಲ್ಲಿ ಕಳೆಯುವವರಿಗೆ ಇದು ಸೂಕ್ತ. ಆದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ಕೌಡಿಯಾಲಾದಿಂದ ಋಷಿಕೇಶದವರೆಗಿನ ಮರಳಿನ ದಡಗಳ ಶಿಬಿರಗಳಿಗೆ ನಿರ್ಬಂಧ ವಿಧಿಸಿತು. ಇಷ್ಟಬಂದ ಮರಳಿನ ಮೇಲೆ ಡೇರೆ ಹಾಕಬಹುದೆಂದು ಭಾವಿಸುವಂತಿಲ್ಲ.

ಮಹಾಕಾಳಿ: ಉತ್ತರಾಖಂಡ ಮತ್ತು ನೇಪಾಳಗಳ ಗಡಿಯಾಗಿ ಹರಿಯುವ ಈ ನದಿಗೆ ಪಂಚೇಶ್ವರದಲ್ಲಿ ಸರಯೂ ಸೇರುತ್ತದೆ. ಅಲ್ಲಿಂದ ಟನಕಪುರದ ಕಡೆಗೆ ಅರಣ್ಯದ ಕಣಿವೆಯಲ್ಲಿ ಮೂರು ನಾಲ್ಕು ದಿನ ಸಾಗಬಹುದು. ಮಳೆ ಕಳೆದ ಮೇಲಿನ ತಿಂಗಳುಗಳು ಇದಕ್ಕೆ ಒಪ್ಪುತ್ತವೆ. ಏಕಾಂತ ಬಯಸುವವರಿಗೆ ಇದು ಹಿತ. ಗಡಿ ಪ್ರದೇಶವಾದ್ದರಿಂದ ಗುರುತಿನ ಪತ್ರಗಳನ್ನು ಜೊತೆಯಲ್ಲಿಟ್ಟುಕೊಂಡು, ಸ್ಥಳೀಯ ಆಡಳಿತಕ್ಕೆ ಮುಂಚಿತವಾಗಿ ತಿಳಿಸುವುದು ಒಳಿತು.

ಝಂಸ್ಕಾರ್: ಪದುಮ್ ಬಳಿ ಸ್ತೋದ್ ಮತ್ತು ತ್ಸರಪ್ ಕೂಡಿ ಹುಟ್ಟುವ ಈ ನದಿ ನಿಮ್ಮು ಎಂಬಲ್ಲಿ ಸಿಂಧುವನ್ನು ಸೇರುತ್ತದೆ. ಎರಡೂ ಕಡೆ ಗೋಡೆಗಳಂತೆ ನಿಂತ ಬಂಡೆಗಳ ನಡುವೆ ಸಾಗುವ ಈ ಯಾನದಲ್ಲಿ ಶ್ರಮಕ್ಕಿಂತ ಎತ್ತರ ಮತ್ತು ಶೀತ ಹೆಚ್ಚು ಕಾಡುತ್ತವೆ. ಲೇಹ್ ನಗರವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಚೆನ್ನೈ, ಮುಂಬಯಿಗಳಂತಹ ಕಡಲತೀರದಿಂದ ವಿಮಾನದಲ್ಲಿ ಬಂದಿಳಿದವರು ಮೊದಲ ಎರಡು ಮೂರು ದಿನ ವಿಶ್ರಾಂತಿ ಪಡೆಯಲೇಬೇಕು. ನಿಮ್ಮು–ಪದುಮ್–ದಾರ್ಚಾ ರಸ್ತೆ 2024ರ ಮಾರ್ಚ್‌ನಲ್ಲಿ ಸಂಪರ್ಕ ಪಡೆದ ನಂತರ ಈ ಕಣಿವೆಯ ಏಕಾಂತ ಕಡಿಮೆಯಾಗಿದೆ. ಆದರೆ ಹೊರದಾರಿಯ ಸೌಕರ್ಯ ಹೆಚ್ಚಿದೆ.

ಸಿಯಾಂಗ್: ಬ್ರಹ್ಮಪುತ್ರೆಯು ಅರುಣಾಚಲದಲ್ಲಿ ಪಡೆಯುವ ಹೆಸರಿದು. ಟೂಟಿಂಗ್‌ನಿಂದ ಪಾಸಿಘಾಟ್‌ವರೆಗೆ ಸುಮಾರು 180 ಕಿಲೋಮೀಟರ್ ದೂರವನ್ನು ಕ್ರಮಿಸಲು ವಾರ ಕಾಲ ಬೇಕಾಗುತ್ತದೆ. ಪ್ರವಾಹ ಬಹು ದೊಡ್ಡದು. ಅನುಭವವಿಲ್ಲದವರು ಇದನ್ನು ಆರಿಸಬಾರದು. ರಾಜ್ಯವನ್ನು ಪ್ರವೇಶಿಸಲು ಹೊರರಾಜ್ಯದ ಭಾರತೀಯರಿಗೂ ಒಳರೇಖೆಯ ಪರವಾನಗಿ ಬೇಕು.

ಜೊತೆಗಾರರಿಗೆ ತಕ್ಕ ನದಿ

ನದಿಯ ಆಯ್ಕೆಯು ತಂಡದಲ್ಲಿನ ಅತ್ಯಂತ ಬಲಶಾಲಿಯನ್ನು ನೋಡಿ ಆಗಬಾರದು. ಅತ್ಯಂತ ದುರ್ಬಲರಾದವರನ್ನು ನೋಡಿ ಆಗಬೇಕು. ಮಕ್ಕಳು, ವೃದ್ಧರು, ಈಜು ಬಾರದವರು, ಹೃದ್ರೋಗ ಅಥವಾ ಉಬ್ಬಸ ಉಳ್ಳವರು ಇದ್ದಾಗ ನಿಧಾನವಾಗಿ ಹರಿಯುವ, ರಸ್ತೆಗೆ ಸಮೀಪವಾದ ನದಿಯೇ ಸರಿ. ತಂಡದ ಒಬ್ಬರಿಗಾಗಿ ನದಿಯನ್ನು ಬದಲಿಸುವುದರಲ್ಲಿ ಅವಮಾನವೇನೂ ಇಲ್ಲ.

ತೀರ್ಮಾನಕ್ಕೆ ಮುನ್ನ ಕೆಳಗಿನ ಅಂಶಗಳನ್ನು ಬರೆದಿಟ್ಟು ಪರಿಶೀಲಿಸುವುದು ಉಪಯುಕ್ತ:

1. ಆರಿಸಿದ ತಿಂಗಳಿನಲ್ಲಿ ನದಿಯ ಮಟ್ಟ ಎಷ್ಟಿರುತ್ತದೆ, ಏರುತ್ತಿರುತ್ತದೆಯೋ ಇಳಿಯುತ್ತಿರುತ್ತದೆಯೋ?
2. ಮೇಲೆ ಅಥವಾ ನಡುವೆ ಅಣೆಕಟ್ಟು ಇದೆಯೇ? ನೀರು ಬಿಡುವ ವೇಳೆ ಯಾವುದು?
3. ಅತಿ ಕಠಿಣವಾದ ರ್‍ಯಾಪಿಡ್ ಯಾವ ದರ್ಜೆಯದು? ಅದನ್ನು ದಡದ ಮೇಲೆ ನಡೆದು ದಾಟಲು ಸಾಧ್ಯವೇ?
4. ಪ್ರತಿ ರಾತ್ರಿಯ ತಂಗುದಾಣಕ್ಕೆ ಅನುಮತಿ ಇದೆಯೇ?
5. ಪ್ರತಿ ದಿನದ ದಾರಿಯಲ್ಲಿ ರಸ್ತೆ ಅಥವಾ ಹಳ್ಳಿ ತಲುಪುವ ಸ್ಥಳಗಳು ಎಲ್ಲಿವೆ?
6. ಪ್ರತಿಯೊಬ್ಬರಿಗೂ ಸರಿಹೊಂದುವ ಜೀವರಕ್ಷಕ ಜಾಕೆಟ್ ಮತ್ತು ಶಿರಸ್ತ್ರಾಣ ಇವೆಯೇ? ಮಾರ್ಗದರ್ಶಿ ತರಬೇತಿ ಪಡೆದವರೇ?

ಹವಾಮಾನ ಇಲಾಖೆಯ ಮಳೆ ಮುನ್ಸೂಚನೆಯನ್ನೂ ಕೇಂದ್ರ ಜಲ ಆಯೋಗದ ಪ್ರವಾಹ ಮುನ್ಸೂಚನೆಯನ್ನೂ ಹೊರಡುವ ದಿನದವರೆಗೆ ಗಮನಿಸುತ್ತಿರಬೇಕು. ಪ್ರಯಾಣದ ವಿವರ ಮತ್ತು ಮುಗಿಯುವ ದಿನವನ್ನು ಊರಿನಲ್ಲಿ ಉಳಿದವರಿಗೆ ತಿಳಿಸಿ ಹೋಗಬೇಕು. ದಡದಲ್ಲಿ ಕಸ ಬಿಡದೆ, ನೀರನ್ನು ಮಲಿನಗೊಳಿಸದೆ ಹಿಂದಿರುಗುವುದು ಪ್ರತಿಯೊಬ್ಬರ ಕರ್ತವ್ಯ. ಕೆಳಗಿನ ಊರುಗಳ ಜನರು ಅದೇ ನೀರನ್ನು ಕುಡಿಯುತ್ತಾರೆ.

ಈ ಪ್ರಶ್ನೆಗಳಲ್ಲಿ ಒಂದಕ್ಕೆ ಸಮಾಧಾನಕರ ಉತ್ತರ ದೊರೆಯದಿದ್ದರೂ ಆ ವರ್ಷ ಆ ನದಿಯನ್ನು ಬಿಡುವುದೇ ಜಾಣತನ. ರಜೆ ಮುಗಿಯುವುದೆಂಬ ಆತುರ, ಮುಂಗಡ ಹಣ ಕೊಟ್ಟಾಗಿದೆಯೆಂಬ ಸಂಕೋಚ ನೀರಿನ ಮುಂದೆ ನಡೆಯುವುದಿಲ್ಲ. ನದಿ ಮರುವರ್ಷವೂ ಹರಿಯುತ್ತದೆ. ಅದನ್ನು ಕಾಣಲು ಪ್ರವಾಸಿ ಕ್ಷೇಮವಾಗಿರಬೇಕು.