ಗಾಳಿಗೆ ಒಡ್ಡಿದ ದಾರಿ

ಓಂ ಬೀಚಿನ ಗದ್ದಲ ದಕ್ಷಿಣದ ಗುಡ್ಡ ಹತ್ತುವಷ್ಟರಲ್ಲಿ ಅಡಗುತ್ತದೆ. ಗೋಕರ್ಣದಿಂದ ಕುಮಟೆಗೆ ಹೋಗುವ ಕಡಲಂಚಿನ ಕಾಲುದಾರಿ ನಿಜಕ್ಕೂ ಶುರುವಾಗುವುದು ಅಲ್ಲಿಂದಲೇ. ಕಾಲಡಿಗೆ ತೂತುತೂತಾದ ಕೆಂಪು ಮುರಕಲ್ಲು, ಎಡಕ್ಕೆ ಕುರುಚಲು, ಬಲಕ್ಕೆ ನೀರಿಗೇ ಇಳಿದ ಬಂಡೆ. ಬೆಳಗ್ಗೆ ಘಟ್ಟದ ಕಡೆಯಿಂದ ತೆಳುವಾಗಿ ಸುಳಿಯುವ ಗಾಳಿ ಬಿಸಿಲೇರುತ್ತಲೇ ನಿಂತುಬಿಡುತ್ತದೆ. ನೆಲ ಕಾದ ಮೇಲೆ ಕಡಲಗಾಳಿಯದೇ ದರ್ಬಾರು. ಮಧ್ಯಾಹ್ನದ ಹೊತ್ತಿಗೆ ಟೊಪ್ಪಿಗೆ ತಲೆಯ ಮೇಲೆ ನಿಲ್ಲದು, ಜೊತೆಯವರ ಮಾತು ಕಿವಿಗೆ ಬೀಳದು. ಅಂಚಿನ ಗಿಡಗಳೆಲ್ಲ ಪೂರ್ವಕ್ಕೆ ಬಾಗಿವೆ. ಕಡಲ ಕಡೆಯ ಚಿಗುರನ್ನು ಉಪ್ಪುಗಾಳಿ ಸುಟ್ಟಿದೆ, ಮರೆಯಲ್ಲಿರುವ ಕೊಂಬೆಯಷ್ಟೇ ಚಾಚಿಕೊಂಡಿದೆ.

ಈ ಗಾಳಿಯಲ್ಲಿ ಹಾಯಾಗಿರುವುದು ಬಿಳಿಹೊಟ್ಟೆಯ ಕಡಲಹದ್ದು. ಬಂಡೆಗೆ ಬಡಿದ ಗಾಳಿ ಮೇಲೇಳುವ ಜಾಗ ಅದಕ್ಕೆ ಚೆನ್ನಾಗಿ ಗೊತ್ತು. ಬೂದು ರೆಕ್ಕೆಯನ್ನು ತುಸು ಮೇಲಕ್ಕೆತ್ತಿ, ಬಡಿಯದೆ, ನಮ್ಮ ಕಣ್ಣಿನ ಎತ್ತರದಲ್ಲೇ ತೇಲಿಬರುತ್ತದೆ. ಮೀನಷ್ಟೇ ಅಲ್ಲ, ಕಡಲಹಾವನ್ನೂ ಹಿಡಿದು ತಿನ್ನುವ ಹಕ್ಕಿ ಇದು. ಎತ್ತರದ ಮರದಲ್ಲಿ ಕಡ್ಡಿ ಪೇರಿಸಿ ಕಟ್ಟಿದ ಗೂಡಿಗೇ ಜೋಡಿ ವರ್ಷ ವರ್ಷವೂ ಮರಳುತ್ತದೆ. ದಂಡೆಯ ಹಳೆಯ ಮರವೊಂದು ಉರುಳಿದರೆ ಅದರ ಮನೆಯೇ ಹೋದಂತೆ.

ತದಡಿಯಲ್ಲಿ ಅಘನಾಶಿನಿ ನದಿ ದಾಟಲು ದೋಣಿ ಹತ್ತಬೇಕು. ಮೀನು ಇಳಿಸುವಲ್ಲಿ ಗರುಡಗಳು ಸುತ್ತುತ್ತಿರುತ್ತವೆ. ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಹೂಳು ತಡೆಯಿಲ್ಲದೆ ಅಳಿವೆಗೆ ಇಳಿಯುತ್ತದೆ. ಇಳಿತದ ಹೊತ್ತಿಗೆ ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ ಬೆಳಚು ಚಿಪ್ಪಿ ಆರಿಸುವವರ ಅನ್ನ ನಿಂತಿರುವುದು ಈ ಕೆಸರಿನ ಮೇಲೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿದ್ದು ನ್ಯಾಯವಾಗಿಯೇ ಇದೆ.

ನದಿ ದಾಟಿದ ಮೇಲಿನ ದಾರಿಯೇ ನನಗೆ ಹೆಚ್ಚು ಇಷ್ಟ. ಗೋಕರ್ಣದ ಕಡೆಯಷ್ಟು ಹೆಸರಿಲ್ಲ, ಜನವೂ ಕಡಿಮೆ. ಬಾಡ ಎಂಬ ಊರಿನ ಉದ್ದನೆಯ ದಂಡೆಯಲ್ಲಿ ನೀರು ಇಳಿದಾಗ ಕುಕ್ಕರುಗಾಲಿನಲ್ಲಿ ಕೂತು ನೋಡಬೇಕು. ಉಗುರಿಗಿಂತ ಚಿಕ್ಕ ಏಡಿಯೊಂದು ಬಿಲದಿಂದ ಹೊರಬಂದು, ಚಿಮಟದಂಥ ಕೈಯಿಂದ ಮರಳು ಕೆರೆದು ಬಾಯಿಗೆ ಹಾಕುತ್ತದೆ. ಕಣಕ್ಕಂಟಿದ ಆಹಾರ ಸೋಸಿಕೊಂಡು, ಉಳಿದ ಮರಳನ್ನು ಸಾಬಕ್ಕಿಯಷ್ಟು ಗುಂಡಗೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಮತ್ತೊಂದು, ಮಗದೊಂದು. ನೋಡನೋಡುತ್ತಲೇ ಬಿಲದ ಸುತ್ತ ಗೆರೆಗೆರೆಯಾಗಿ ಗುಳಿಗೆಗಳ ಸಾಲು. ನೆರಳು ಬಿದ್ದರೆ ಸಾಕು, ಏಡಿ ಮಾಯ. ಭರತ ಬಂದು ಎಲ್ಲವನ್ನೂ ಅಳಿಸುತ್ತದೆ, ಇಳಿತಕ್ಕೆ ಏಡಿ ಮತ್ತೆ ಹೊರಗೆ.

ಚಳಿಗಾಲದಲ್ಲಿ ಈ ಕರಾವಳಿಯ ಮರಳಿಗೆ ಕಡಲಾಮೆಗಳು ರಾತ್ರಿ ಏರಿಬಂದು ಮೊಟ್ಟೆಯಿಡುತ್ತವೆ. ಒಡೆದು ಹೊರಬಂದ ಮರಿಗಳು ಬೆಳಕಿದ್ದ ಕಡೆ ತೆವಳುತ್ತವೆ. ಕಡಲಿಗಿಂತ ದಂಡೆಯ ದೀಪ ಪ್ರಖರವಾಗಿದ್ದರೆ ಅತ್ತಲೇ ಹೋಗಿ ಸಾಯುತ್ತವೆ. ಆ ತಿಂಗಳುಗಳಲ್ಲಿ ಮರಳ ಮೇಲೆ ಡೇರೆ ಹಾಕುವವರು ಬೆಂಕಿ ಹೊತ್ತಿಸಬೇಡಿ, ಟಾರ್ಚ್ ಆರಿಸಿಡಿ. ಕತ್ತಲಾದ ಮೇಲೆ ನಡೆಯಲೇಬೇಕಿದ್ದರೆ ಒದ್ದೆ ಮರಳಿನ ಅಂಚು ಹಿಡಿಯಿರಿ. ಗೂಡುಗಳಿರುವುದು ಮೇಲಿನ ಒಣ ಮರಳಿನಲ್ಲಿ.